ಮೇಲ್ದಂಡೆಯ ಸುಟ್ಟ ಹಂದಿ

ಮಾರ್ಚ್ 3

ಪ್ರೀತಿಯ ಚಿನಕುರುಳಿಗೆ,

ಅಷ್ಟಕ್ಕೂ ಹೊಗೆಯಲ್ಲಿ ಮೋಸ ಮಾಡುವಷ್ಟು ಸುಲಭ ಇನ್ನಾವುದರಲ್ಲೂ ಇಲ್ಲ. ನಿನ್ನೆಯ ಕಾಗದದಲ್ಲಿ ಇದನ್ನೇ ಹೇಳಲು ಹೊರಟಿದ್ದೆ, ಅಷ್ಟರಲ್ಲಿ ಅಂಚೆ ಡಬ್ಬಿ ಖಾಲಿ ಮಾಡುವವನು ಬಂದ. ಅರ್ಧಕ್ಕೇ ಮಡಚಿ ಹಾಕಿದೆ. ಎಲ್ಲಿದ್ದೆ? ಹಾಂ, ಮೊದಲನೆಯ ಹೋಟೆಲು. ಬಾಗಿಲ ಮೇಲೆ ‘ಮೇಲ್ದಂಡೆಯ ಅಸಲಿ ಸುಟ್ಟ ಹಂದಿ’ ಎಂದು ಬೋರ್ಡು, ಪಕ್ಕದಲ್ಲಿ ನಗುತ್ತಿರುವ ಹಂದಿಯ ಚಿತ್ರ. ತನ್ನನ್ನು ತಿನ್ನಲು ತಾನೇ ಕರೆಯುವ ಹಂದಿಗೆ ಅಷ್ಟೊಂದು ನಗು ಎಲ್ಲಿಂದ ಬರುತ್ತದೋ. ಮೇಲಿನ ಮನೆಯ ಹಲ್ಲಿನ ಡಾಕ್ಟರನ್ನೂ ಕರೆದುಕೊಂಡು ಹೋಗಿದ್ದೆ. ರಿಟೈರಾದವರು, ನನ್ನ ಹಾಗೆಯೇ ಕೂತಲ್ಲಿ ಕೂರಲಾರದ ಜೀವ. ಒಂದು ತುಂಡು ಬಾಯಿಗಿಟ್ಟು, “ಇವ್ರೇ, ಇದು ಕಟ್ಟಿಗೆ ಹೊಗೆ ಅಲ್ಲ, ಬಾಟ್ಲಿ ಹೊಗೆ. ನಮ್ಮ ಕ್ಲಿನಿಕ್ಕಲ್ಲಿ ಬಾಯಿ ಮುಕ್ಕಳಿಸೋಕೆ ಕೊಡ್ತಿದ್ದೆವಲ್ಲ, ಹಾಗಿದೆ” ಅಂದರು.

ನಾನು ಎದ್ದು ಸೀದಾ ಅಡುಗೆಮನೆಗೆ ಹೋದೆ. ಲಿಫ್ಟ್ ಇನ್ಸ್‌ಪೆಕ್ಟರ್ ಆಗಿದ್ದವನು. ಗುಂಡಿ ಒತ್ತಿದರೆ ಮೇಲೆ ಹೋಗುತ್ತದೆ ಎಂದ ಮಾತ್ರಕ್ಕೆ ನಂಬುವವನಲ್ಲ, ಮೇಲೆ ಹತ್ತಿ ಹಗ್ಗ ನೋಡಬೇಕು. ಥಳಥಳ ಹೊಳೆಯುವ ಕರೆಂಟಿನ ಒಲೆ. ಕಟ್ಟಿಗೆ ಹೋಗಲಿ, ಒಂದು ಹಲ್ಲುಕಡ್ಡಿಯೂ ಇಲ್ಲ. ಪುಡಿಂಗಿನ ಪ್ರೂಫ್ ಎಲ್ಲೋ ಒಂದು ಕಡೆ ಇರುತ್ತದೆ ಎಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು. ಎಲ್ಲಿ ಎಂಬುದು ಮರೆತಿದೆ.

ನೀನು ಕೇಳಿರುವುದು ಒಂದೇ. ನಾಲಿಗೆಯ ಬುಡದ ಗಂಟನ್ನು ತೆಗೆದ ಮೇಲೆ ರುಚಿ ಉಳಿಯುತ್ತದೆ ಎಂದು ನಿನ್ನ ಡಾಕ್ಟರು ಖಾತರಿ ಕೊಡುತ್ತಿಲ್ಲ. ಅದಕ್ಕೆ ಮುಂಚೆ, ನಿಮ್ಮಪ್ಪ ಹೊಳೆಯ ಮೇಲ್ದಂಡೆಯ ನಿಮ್ಮೂರಲ್ಲಿ ರಸ್ತೆ ಬದಿಯ ಗುಂಡಿಯಲ್ಲಿ ಮಾಡಿ ಮಾರುತ್ತಿದ್ದರಲ್ಲ, ಅಂಥ ಹಂದಿ ಒಮ್ಮೆ ತಿನ್ನಬೇಕು. ನೀನು ಈಗಿರುವ ಊರಲ್ಲಿ ಸಿಗುವುದಿಲ್ಲ, ಇಲ್ಲಿ ಬೀದಿಗೊಂದು ಬೋರ್ಡಿದೆ. ಮಾವನವರ ಕೈಯದನ್ನು ನಾನು ತಿಂದವನಲ್ಲ, ಅವರನ್ನು ನೋಡಿದ್ದೇ ಗೋಡೆಯ ಮೇಲಿನ ಫೋಟೋದಲ್ಲಿ. ಆದರೆ ನಿನ್ನ ಅಕ್ಕನ ಕೈಯದನ್ನು ಮದುವೆಯಾದ ಹೊಸತರಿಂದ, ಕಳೆದ ವರ್ಷ ಅವಳು ಹಾಸಿಗೆ ಹಿಡಿಯುವ ತನಕ ತಿಂದಿದ್ದೇನೆ. “ಇದೇ ನಮ್ಮ ಕಡೇದು” ಎನ್ನುತ್ತಿದ್ದಳು. ಹಾಗಾಗಿ ರುಚಿ ನನಗೆ ಗೊತ್ತು, ಹುಡುಕುವುದಷ್ಟೇ ಬಾಕಿ.

ಒಂದು ಸಲ ಬಂದು ಹೋಗಿ ಎಂದು ಬರೆದಿದ್ದೀಯ. ಬರಬೇಕು. ಮೊಣಕಾಲು ಸ್ವಲ್ಪ ಹದಕ್ಕೆ ಬರಲಿ. ಮಾತಾಡಬೇಡ ಎಂದಿದ್ದಾರೆ ತಾನೆ, ಮಾತಾಡಬೇಡ. ಬರೆ.

ನಿನ್ನ ಭಾವ

*

ಮಾರ್ಚ್ 11

ಭಾವ,

ಮೊಣಕಾಲು ನೋವು ಎನ್ನುವ ನೀವು ಊರಿನ ಹೋಟೆಲುಗಳನ್ನೆಲ್ಲ ಸುತ್ತಬಲ್ಲಿರಿ, ಬಸ್ಸಿನ ಎರಡು ಮೆಟ್ಟಿಲು ಮಾತ್ರ ಹತ್ತಲಾರಿರಿ. ಇರಲಿ.

ನಾನು ಬಾಯಿ ಮುಚ್ಚಿದ ದಿನದಿಂದ ನನ್ನ ಮಗನ ಮುಖದಲ್ಲಿ ಅದೇನು ಕಳೆ ಅಂತೀರಿ! ಹೊಲಿಗೆ ಅಂಗಡಿಯನ್ನು ಇನ್ನೂ ಮುಚ್ಚಿಲ್ಲ. ಬೆರಳಲ್ಲೇ ವ್ಯವಹಾರ. ಮೊನ್ನೆ ಒಬ್ಬಾಕೆಗೆ ಸೊಂಟದ ಅಳತೆಯನ್ನು ಎರಡೂ ಕೈ ಅಗಲಿಸಿ ತೋರಿಸಿದೆ. ಬಟ್ಟೆ ವಾಪಸ್ ತೆಗೆದುಕೊಂಡು ಹೋದಳು.

ಹುಡುಕುವವರಿಗೆ ಒಂದು ಗುರುತು ಹೇಳುತ್ತೇನೆ. ಬೆಂಕಿ ಒಂದು ಕಡೆ, ಹಂದಿ ಒಂದು ಕಡೆ ಇರಬೇಕು. ಅಪ್ಪ ಕಟ್ಟಿಗೆಯನ್ನು ಬೇರೆ ಗುಂಡಿಯಲ್ಲಿ ಉರಿಸಿ, ಕೆಂಡವಾದ ಮೇಲೆ ಸಲಿಕೆಯಲ್ಲಿ ತಂದು ಹಂದಿಯ ಕೆಳಗೆ ತೆಳ್ಳಗೆ ಹರಡುತ್ತಿದ್ದರು. ಹಂದಿಯ ಕೆಳಗೆ ಉರಿ ಕಂಡರೆ ಎದ್ದು ಬನ್ನಿ.

ಆಪರೇಷನ್ ಜೂನ್ ಎನ್ನುತ್ತಾರೆ. ಅಗಿಯುವುದು ದಿನದಿಂದ ದಿನಕ್ಕೆ ಕಷ್ಟ. ನಿಧಾನ ಮಾಡಬೇಡಿ.

ಚಿನಕುರುಳಿ (ಸದ್ಯಕ್ಕೆ ಠುಸ್)

*

ಮಾರ್ಚ್ 24

ಪ್ರೀತಿಯ ಚಿನಕುರುಳಿಗೆ,

ಎರಡನೆಯದೂ ಮೂರನೆಯದೂ ಬರೆಯುವ ಯೋಗ್ಯತೆಯವಲ್ಲ. ಒಂದರಲ್ಲಿ ಸಂಗೀತ ಜಾಸ್ತಿ, ಇನ್ನೊಂದರಲ್ಲಿ ನೊಣ. ನಾಲ್ಕನೆಯದರ ಕಥೆ ಕೇಳು. ಟೈರು ಗೋಡೌನಿನ ಹಿಂದೆ ತಗಡಿನ ಮಾಡು, ಬೋರ್ಡೇ ಇಲ್ಲ. ಡಾಕ್ಟರ ಹಳೆಯ ಪೇಷಂಟ್ ಒಬ್ಬ ಹೇಳಿದ್ದು. ಅಲ್ಲಿಯ ಯಜಮಾನಿ ಹೊಗೆಗೆಂದು ಯಾವಾಗಲೂ ಕಪ್ಪು ಕನ್ನಡಕ ಹಾಕಿಕೊಂಡಿರುತ್ತಾಳೆ. ಬಂದವರಿಗೆಲ್ಲ ತನ್ನ ಹಂದಿಯ ಹೊಗಳಿಕೆಯನ್ನು ಮೊದಲು ಬಡಿಸಿ ಆಮೇಲೆ ತಟ್ಟೆ ಇಡುವ ಪೈಕಿ.

ನೀನು ಹೇಳಿದ ಗುರುತು ನೋಡಿದೆ. ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ಕೆಂಡ ಬೇರೆ ಗುಂಡಿಯಿಂದಲೇ ಬರುತ್ತಿತ್ತು. ಖುಷಿಯಾಯಿತು. ಬಾಯಿಗಿಟ್ಟೆ. ಅಯ್ಯೋ ನನ್ನಪ್ಪಾ! ಬರೀ ವಿನಿಗರು, ಉಪ್ಪು, ಒಣಮೆಣಸಿನ ಖಾರ. ಸಿಹಿಯ ಸುಳಿವೇ ಇಲ್ಲ. ತೊಗಲಂತೂ ಚಪ್ಪಲಿ. “ಈ ತೊಗಲು ನನ್ನ ಕಾಲದಲ್ಲಿ ಇದ್ದಿದ್ರೆ ನಾನು ಎರಡು ಕ್ಲಿನಿಕ್ ಇಡಬಹುದಿತ್ತು” ಎಂದರು ಡಾಕ್ಟರು. ಅಷ್ಟು ಹೇಳಿಯೂ ತಟ್ಟೆ ಖಾಲಿ ಮಾಡಿದರು, ಅದು ಬೇರೆ ವಿಷಯ.

ಯಜಮಾನಿ ಬಂದು, “ಏನ್ರೀ, ಹುಣಸೆಕಾಯಿ ತಿಂದ ಮಗು ಥರ ಮುಖ ಮಾಡಿದ್ದೀರಾ?” ಅಂದಳು.

“ಅಮ್ಮಾ, ದಿಸ್ ಈಸ್ ನಾಟ್ ಅಥೆಂಟಿಕ್” ಅಂದೆ. ಕೋಪ ಬಂದಾಗ ನನಗೆ ಇಂಗ್ಲಿಷೇ ಬರುವುದು, ಇದ್ದಷ್ಟು.

“ಓಹೋ. ಯಾವ ಕಡೆಯವರು ತಾವು?”

“ನಾನಲ್ಲ. ನನ್ನ ಹೆಂಡತಿ ಮೇಲ್ದಂಡೆಯವಳು.”

“ಹಾಗಾದ್ರೆ ಹೆಂಡ್ತೀನ ಕರ್ಕೊಂಡು ಬನ್ನಿ. ಅವ್ರು ತಿಂದು ಹೇಳ್ಲಿ, ಅಂಗಡಿ ಮುಚ್ಕೊಂಡು ಹೋಗ್ತೀನಿ.”

ಡಾಕ್ಟರು ನೀರಿನ ಲೋಟವನ್ನು ನನ್ನ ಕಡೆ ತಳ್ಳಿದರು. ಕುಡಿದು ಎದ್ದು ಬಂದೆ.

ಇನ್ನೂ ಹೋಟೆಲುಗಳಿವೆ. ಮನೆಯಲ್ಲಿ ಕೂತರೆ ಗೋಡೆ ಗಡಿಯಾರ ನನ್ನನ್ನೇ ಕೇಳಿದ ಹಾಗೆ ಆಗುತ್ತದೆ, ಏನು ಮಾಡುತ್ತಿದ್ದೀಯ, ಏನು ಮಾಡುತ್ತಿದ್ದೀಯ ಎಂದು. ಹೊರಗೇ ವಾಸಿ.

ನಿನ್ನ ಭಾವ

*

ಏಪ್ರಿಲ್ 6

ಚಿನಕುರುಳೀ!

ಸಿಕ್ಕಿತು! ಕುರ್ಚಿ ಮೇಜು ಮಾರುವ ದೊಡ್ಡ ಅಂಗಡಿಯ ಮೇಲಿನ ಮಹಡಿ. ಬಟ್ಟೆಯ ಕೈವಸ್ತ್ರ ಕೊಡುವಂಥ ಜಾಗ. ಸುಟ್ಟ ಸಕ್ಕರೆಯ ಕಪ್ಪು ಮೆರುಗು, ಕತ್ತರಿಸುವುದೇ ಬೇಡ, ಮುಟ್ಟಿದರೆ ಎಳೆ ಎಳೆ. ಅದೇ ಸಿಹಿ. ನೂರಕ್ಕೆ ನೂರು ಎನ್ನಲಾರೆ, ಏನೋ ಒಂದೆಳೆ ಕಡಿಮೆ ಇದೆ. ಆದರೆ ಎರಡನೇ ತುತ್ತಿಗೆ ನಾನು ಕಣ್ಣು ಮುಚ್ಚಿದವನು ತೆರೆಯಲಿಲ್ಲ. ಡಾಕ್ಟರು ಹೆದರಿ ನಾಡಿ ಹಿಡಿದರು. “ಹಲ್ಲಿನ ಡಾಕ್ಟರಿಗೆ ನಾಡಿ ನೋಡೋಕೆ ಬರುತ್ತಾ?” ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದೆ.

ಇವತ್ತಿನ ಮಧ್ಯಾಹ್ನದ ಬಸ್ಸಿನ ಕಂಡಕ್ಟರ ಕೈಯಲ್ಲಿ ಡಬ್ಬಿ ಕಳಿಸುತ್ತಿದ್ದೇನೆ, ಈ ಕಾಗದ ಅದರ ಜೊತೆಗೇ. ನಾನೇ ಬರಬಹುದಿತ್ತು. ಆದರೆ ಅಂಚೆಯವನು ಪೆನ್ಷನ್ನಿನ ಕಾಗದ ತರುವ ವಾರವಿದು, ಮನೆಯಲ್ಲಿ ಇರದಿದ್ದರೆ ಆಗದು.

ನಿಧಾನವಾಗಿ ಬಿಸಿ ಮಾಡಿ ತಿನ್ನು. ಹೇಗಿತ್ತು ಎಂದು ಆವತ್ತೇ ಬರೆ.

ನಿನ್ನ ಭಾವ

*

ಏಪ್ರಿಲ್ 15

ಭಾವನವರಿಗೆ ನಮಸ್ಕಾರಗಳು.

ಡಬ್ಬಿ ತಲುಪಿತು. ತುಂಬ ಚೆನ್ನಾಗಿತ್ತು. ನನಗಾಗಿ ಇಷ್ಟು ಶ್ರಮ ತೆಗೆದುಕೊಂಡಿದ್ದಕ್ಕೆ ಧನ್ಯವಾದಗಳು. ಮಗನೂ ನಮಸ್ಕಾರ ತಿಳಿಸಿದ್ದಾನೆ.

ಇಂತಿ,
ನಿಮ್ಮ ನಾದಿನಿ

*

ಏಪ್ರಿಲ್ 19

ಧನ್ಯವಾದಗಳು? ನೀನು? ನನಗೆ?

ನಿನ್ನ ಮದುವೆಗೆ ಹೊಲಿಗೆ ಯಂತ್ರ ಹೊತ್ತು ತಂದು ಕೊಟ್ಟಾಗ “ಸೂಜಿ ಎಲ್ಲಿ” ಎಂದು ಕೇಳಿದವಳು ನೀನು. ಏನಾಯಿತು, ಸರಿಯಾಗಿ ಹೇಳು. ನುಂಗಲು ಆಗುತ್ತಿಲ್ಲವೇ? ಡಾಕ್ಟರು ಬೇರೇನಾದರೂ ಹೇಳಿದರೇ? ಎರಡು ದಿನದಿಂದ ಈ ಮನೆಯ ಉದ್ದ ಅಗಲ ಅಳೆಯುತ್ತಿದ್ದೇನೆ.

ಭಾವ

*

ಏಪ್ರಿಲ್ 27

ಭಾವ,

ನುಂಗಿದೆ. ಎಲ್ಲವನ್ನೂ ನುಂಗಿದೆ. ಅದು ಅಪ್ಪನದ್ದಲ್ಲ.

ಬರೆಯಬಾರದು ಎಂದಿದ್ದೆ. ನೀವು ಕಣ್ಣು ಮುಚ್ಚಿಕೊಂಡು ತಿಂದಿರೆಂದು ಓದಿದ ಮೇಲೆ ಹೇಗೆ ಬರೆಯಲಿ? ಆದರೆ ನನಗೆ ದಿನಗಳಿಲ್ಲ. ಅದು ಕೆಳದಂಡೆಯವರದ್ದು, ಸಕ್ಕರೆ ಬಳಿಯುವುದು ಅವರೇ. ಅಪ್ಪ ಅವರ ಹಂದಿಯನ್ನು “ಮಿಠಾಯಿ” ಎಂದು ಆಡಿಕೊಳ್ಳುತ್ತಿದ್ದರು. ಟೈರು ಗೋಡೌನಿನ ಹಿಂದೆ ಮುಖ ಸಿಂಡರಿಸಿ ಎದ್ದು ಬಂದಿರಲ್ಲ, ವಿನಿಗರು, ಉಪ್ಪು, ಖಾರ, ಚಪ್ಪಲಿಯಂಥ ತೊಗಲು, ಅದನ್ನು ಓದುವಾಗ ನನ್ನ ಬಾಯಲ್ಲಿ ನೀರು ಬಂತು ಭಾವ. ಅದೇ ಅದು. ನೀವು ಬೈದದ್ದು ನನ್ನ ಅಪ್ಪನ ಹಂದಿಯನ್ನೇ.

ಇನ್ನು ಅಕ್ಕನ ವಿಷಯ. ನಿಮಗೆ ಅವಳೇ ಎಂದೋ ಹೇಳಿರುತ್ತಾಳೆ ಅಂದುಕೊಂಡಿದ್ದೆ. ಅವಳಿಗೆ ಅಪ್ಪನ ಹಂದಿ ಕಂಡರೆ ಆಗುತ್ತಿರಲಿಲ್ಲ. ಕೂದಲಿನ ಹೊಗೆ ವಾಸನೆಗೆ ಸ್ಕೂಲಿನಲ್ಲಿ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ನೀವು ನೋಡಲು ಬಂದು ಹೋದ ಮೇಲೆ, “ಗ್ರೀಸ್ ವಾಸನೆ ಹೊಡೀತಾನೆ ಕಣೇ, ಆದ್ರೂ ಪರವಾಗಿಲ್ಲ, ಹೊಗೆಗಿಂತ ವಾಸಿ” ಅಂದಿದ್ದಳು. ನಿಮ್ಮ ಮನೆ ನಾಲ್ಕನೇ ಮಹಡಿ, ಕೆಂಡ ಹಾಕಲು ಮಾಲೀಕ ಬಿಡುತ್ತಿರಲಿಲ್ಲ. ಹಳೆಯ ಪಾತ್ರೆಯ ತಳದಲ್ಲಿ ಸಕ್ಕರೆ, ಚಹಾ ಸೊಪ್ಪು ಹಾಕಿ ಮುಚ್ಚಳ ಬಿಗಿದು ಅದರ ಹೊಗೆಯಲ್ಲಿ ಮಾಂಸ ಬೇಯಿಸುವುದನ್ನು ಅವಳೇ ಕಂಡುಹಿಡಿದುಕೊಂಡಳು. ನಾನು ಮೊದಲ ಸಲ ನಿಮ್ಮಲ್ಲಿ ಊಟಕ್ಕೆ ಕೂತಾಗ, ಒಂದು ತುತ್ತು ತಿಂದು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಆಮೇಲೆ ಅಡುಗೆಮನೆಯಲ್ಲಿ, “ಅವ್ರಿಗೆ ಹುಳಿ ಆಗಲ್ಲ ಕಣೇ. ಇದು ಇಷ್ಟ ಆಗಿದೆ. ನಮ್ಮ ಕಡೇದು ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಾರೆ. ಸುಮ್ನಿರು” ಅಂದಳು.

ಸುಮ್ಮನಿದ್ದೆ. ನನ್ನ ಜನ್ಮದಲ್ಲಿ ಅದೊಂದು ವಿಷಯಕ್ಕೆ.

ಬೇಜಾರಾಗಬೇಡಿ. ಆದರೂ ಸರಿ, ಟೈರು ಗೋಡೌನಿಗೆ ಹೋಗಿ.

ಚಿನಕುರುಳಿ

*

ಮೇ 20

ಪ್ರೀತಿಯ ಚಿನಕುರುಳಿಗೆ,

ಇಷ್ಟು ದಿನ ಬರೆಯಲಿಲ್ಲ. ಕೋಪವಲ್ಲ. ಬರೆಯಲು ಕೂತರೆ ಎದ್ದು ಹೋಗುತ್ತಿದ್ದೆ. ಆ ಮಹಡಿ ಹೋಟೆಲಿಗೆ ಇನ್ನೊಂದು ಸಲ ಒಬ್ಬನೇ ಹೋದೆ. ಕಡಿಮೆ ಇದ್ದ ಒಂದೆಳೆ ಯಾವುದೆಂದು ಗೊತ್ತಾಯಿತು. ಚಹಾ. ನಿನ್ನ ಅಕ್ಕನ ಪಾತ್ರೆಯ ಆ ಹೊಗೆಯನ್ನು ಇಷ್ಟು ವರ್ಷ ಊರಿನ ರುಚಿ ಎಂದುಕೊಂಡು ತಿಂದೆ. ಆಫೀಸಿನಲ್ಲಿ, ಮದುವೆ ಮನೆಗಳಲ್ಲಿ, ಲಿಫ್ಟು ಕೆಟ್ಟು ನಿಂತಾಗ ಒಳಗೆ ಸಿಕ್ಕಿಕೊಂಡವರಿಗೂ ವರ್ಣಿಸಿದ್ದೇನೆ, ಮೇಲ್ದಂಡೆಯ ಹಂದಿ ಅಂದರೆ ಹಾಗೆ, ಹೀಗೆ ಎಂದು. ಅಲ್ಲಿ ದಂಡೆಯೂ ಇರಲಿಲ್ಲ, ಊರೂ ಇರಲಿಲ್ಲ. ಅವಳೊಬ್ಬಳೇ ಇದ್ದಳು. ಅವಳ ಜೊತೆ ಜಗಳ ಆಡೋಣ ಎಂದರೆ ಎಲ್ಲಿ ಹೋಗಲಿ?

ಇರಲಿ. ಟೈರು ಗೋಡೌನಿಗೆ ಹೋದೆ. ಕಪ್ಪು ಕನ್ನಡಕದವಳು ದೂರದಿಂದಲೇ, “ಬಂದ್ರಾ ಅಥೆಂಟಿಕ್ ಸಾಹೇಬ್ರು!” ಅಂದಳು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಿನ್ನ ವಿಷಯ ಹೇಳಿದೆ, ಪಾರ್ಸೆಲ್ ಕೊಡು ಎಂದೆ.

“ಆಗಲ್ಲ. ಡಬ್ಬಿಗೆ ಹಾಕಿದ್ರೆ ಬೆವರುತ್ತೆ, ತಣ್ಣಗಾದ್ರೆ ನೆಣ ಮೇಣ ಆಗುತ್ತೆ. ಗಂಟಲು ನೋವಿರೋರಿಗೆ ಕೆಂಡದ ಮೇಲಿಂದ ತೆಗೆದ ತಕ್ಷಣದ್ದೇ ಬೇಕು. ನನ್ನ ಹೆಸರು ಕೆಡಿಸ್ಕೊಳ್ಳೋಕೆ ನಾನೇನು ಹುಚ್ಚೀನಾ? ಅವ್ರನ್ನೇ ಇಲ್ಲಿಗೆ ಕರ್ಕೊಂಡು ಬನ್ನಿ. ಅವತ್ತೇ ಹೇಳಿದ್ದೆ, ಹೆಂಡ್ತೀನ ಕರ್ಕೊಂಡು ಬನ್ನಿ ಅಂತ.”

“ಇದು ಅವಳ ತಂಗಿ” ಅಂದೆ. “ಅವಳಿಲ್ಲ.”

ಯಜಮಾನಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಕಣ್ಣು ಕೆಂಪಗಿದ್ದವು, ಹೊಗೆಗೇ ಇರಬೇಕು. “ತಂಗೀನ ಕರ್ಕೊಂಡು ಬನ್ನಿ” ಅಂದಳು, ಮೆಲ್ಲಗೆ.

ಮೇ 30, ಮಧ್ಯಾಹ್ನ ಹನ್ನೆರಡಕ್ಕೆ. ಮಗನ ಜೊತೆ ಬಾ. ಮೂಲೆಯ ಮೇಜು ನಿಮಗೆಂದು ಹೇಳಿಟ್ಟಿದ್ದೇನೆ. ನಾನು ಅಲ್ಲೇ ಇರುತ್ತೇನೆ.

ನಿನ್ನ ಭಾವ

*

ಜೂನ್ 2

ಭಾವ,

ತಿಂದೆ.

ಮೊದಲ ತುಂಡನ್ನು ನಾಲಿಗೆಯ ಮೇಲೆ ಸುಮ್ಮನೆ ಇಟ್ಟುಕೊಂಡೆ. ವಿನಿಗರು ಗಂಟಿನ ಮೇಲಿನ ಹುಣ್ಣಿಗೆ ತಾಗಿ ಕಣ್ಣಲ್ಲಿ ನೀರು ಸುರಿಯಿತು, ಮಗ ತಟ್ಟೆ ಎಳೆದುಕೊಳ್ಳಲು ಬಂದ, ಕೈಮೇಲೆ ಹೊಡೆದೆ. ಅಪ್ಪ ತೊಗಲಿನ ಅಂಚನ್ನು ಕತ್ತಿಯಿಂದ ತುಂಡರಿಸಿ ನಮ್ಮ ಕೈಗೆ ಹಾಕುತ್ತಿದ್ದರು, ಬಿಸಿಗೆ ಈ ಕೈಯಿಂದ ಆ ಕೈಗೆ ಎಸೆದಾಡುತ್ತಾ ಓಡುತ್ತಿದ್ದೆವು. ಅಕ್ಕ ತನ್ನ ಪಾಲನ್ನೂ ನನಗೇ ಕೊಡುತ್ತಿದ್ದಳು. ಎಲ್ಲವೂ ಬಂತು ಭಾವ. ಸಲಿಕೆಯ ಸದ್ದು ಕೂಡ. ತೊಗಲು ಅಗಿಯಲಾಗಲಿಲ್ಲ, ಹೀರಿದೆ. ಎದ್ದಾಗ ಯಜಮಾನಿ, “ಹೇಗಿತ್ತು?” ಎಂದು ಕೇಳಿದಳು. ಮಾತಾಡಬಾರದಲ್ಲ. ಅವಳ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದೆ.

ನಿಮ್ಮ ಕುರ್ಚಿ ಖಾಲಿಯಿತ್ತು.

ಎದುರಿನ ಬಸ್ ಸ್ಟಾಪಿನಲ್ಲಿ ಬೂದು ಟೋಪಿ ಹಾಕಿಕೊಂಡು ಒಬ್ಬರು ನಿಂತಿದ್ದರು. ಬಸ್ಸುಗಳು ಬಂದವು, ಹೋದವು, ಅವರು ಯಾವುದನ್ನೂ ಹತ್ತಲಿಲ್ಲ. ಮಗ ಕರೆಯುತ್ತೇನೆ ಎಂದ. ಬೇಡ ಎಂದು ಕೈ ಮಾಡಿದೆ. ಕರೆದರೆ ಓಡಿಹೋಗುವವರನ್ನು ಕರೆಯಬಾರದು.

ಭಾವ, ನನಗೂ ಕನ್ನಡಿ ಇದೆ. ವಯಸ್ಸಾದಂತೆ ನಾನು ಥೇಟ್ ಅಕ್ಕನ ಹಾಗೇ ಆಗಿಬಿಟ್ಟಿದ್ದೇನೆ, ಗೊತ್ತು. ಕಳೆದ ವರ್ಷ ಅವಳ ಕಾರ್ಯದ ದಿನವೇ ನೀವು ನನ್ನನ್ನು ನೋಡಿ ಮುಖ ತಿರುಗಿಸಿದಿರಿ. ಆಗಿನಿಂದ ಹೋಟೆಲು, ಡಬ್ಬಿ, ಕಂಡಕ್ಟರ್, ಮೊಣಕಾಲು. ಆಪರೇಷನ್ ಹನ್ನೊಂದನೇ ತಾರೀಖು ಬೆಳಿಗ್ಗೆ. ದವಡೆಯಲ್ಲೂ ಸ್ವಲ್ಪ ತೆಗೆಯಬೇಕಾಗಬಹುದಂತೆ. ಆಮೇಲೆ ಈ ಮುಖ ಹೀಗೇ ಇರುವುದಿಲ್ಲ. ಹೆದರುವುದಿದ್ದರೆ ಅದಕ್ಕೆ ಮುಂಚೆ ಬಂದು ಹೆದರಿ.

ಖಾಲಿ ಕೈಯಲ್ಲಿ ಬನ್ನಿ. ಒಂದು ಡಬ್ಬಿ ಕಂಡರೂ ಒಳಗೆ ಬಿಡುವುದಿಲ್ಲ.

ಚಿನಕುರುಳಿ

*

ಜೂನ್ 10

ಪ್ರೀತಿಯ ಚಿನಕುರುಳಿಗೆ,

ಇದನ್ನು ಅಂಚೆಗೆ ಹಾಕುವುದಿಲ್ಲ, ಏಕೆಂದರೆ ಬರೆಯುತ್ತಿರುವುದು ನಿನ್ನ ಆಸ್ಪತ್ರೆಯ ಅಂಗಳದ ಕಲ್ಲುಬೆಂಚಿನ ಮೇಲೆ. ಬಂದು ಸುಮಾರು ಹೊತ್ತಾಯಿತು. ಬಸ್ಸಿನಲ್ಲಿ ಪಕ್ಕದವನು ಎಲ್ಲಿಗೆ ಹೊರಟಿರಿ ಎಂದು ಕೇಳಿದ. ನಾದಿನಿಯನ್ನು ನೋಡಲು ಎಂದೆ. ಇಷ್ಟೇ ಮಾತು, ಹೇಳುವಾಗ ಏನೂ ಕಷ್ಟವಾಗಲಿಲ್ಲ.

ಮೊನ್ನೆಯೂ ನಿನ್ನೆಯೂ ಮನೆಯಲ್ಲಿ ಸಕ್ಕರೆ, ಚಹಾ ಸೊಪ್ಪು ಹಾಕಿ ಪಾತ್ರೆ ಇಟ್ಟೆ. ಮೊನ್ನೆಯದು ಹೊತ್ತಿ ಹೋಗಿ ಮೇಲಿನಿಂದ ಡಾಕ್ಟರು ಬಕೆಟ್ ನೀರು ಹಿಡಿದು ಓಡಿ ಬಂದರು. ನಿನ್ನೆಯದು ಹತ್ತಿರ ಬಂತು. ತುಂಬ ಹತ್ತಿರ. ಬಾಯಿಗಿಟ್ಟು ಅಡುಗೆಮನೆಯಲ್ಲಿ ನಿಂತೇ ಇದ್ದೆ. ಆದರೂ ಏನೋ ಒಂದು ಸಾಲದು. ಆಗ ಹೊಳೆಯಿತು: ಈ ರುಚಿ ಸರಿಯಿದೆಯೋ ಇಲ್ಲವೋ ಎಂದು ಹೇಳಬಲ್ಲ ನಾಲಿಗೆ ಈ ಭೂಮಿಯ ಮೇಲೆ ನನ್ನದು ಬಿಟ್ಟರೆ ನಿನ್ನದೊಂದೇ. ಡಬ್ಬಿಗೆ ಹಾಕಿದೆ, ಮುಚ್ಚಳ ಹಾಕಿದೆ, ಚೀಲಕ್ಕಿಟ್ಟೆ. ಬಾಗಿಲ ತನಕ ಬಂದೆ. ನಿನ್ನ ಕಾಗದ ನೆನಪಾಯಿತು. ಡಬ್ಬಿಯನ್ನು ಡಾಕ್ಟರಿಗೆ ಕೊಟ್ಟು ಬಂದೆ. “ಹಂದಿ ಬಿಟ್ಟು ಮನುಷ್ಯನೊಬ್ಬನೇ ಹೊರಟ್ರಾ? ಪರವಾಗಿಲ್ವೇ!” ಅಂದರು.

ಅವಳು ಅದಕ್ಕೆ ಇನ್ನೇನು ಹಾಕುತ್ತಿದ್ದಳು? ನೀನು ಅಡುಗೆಮನೆಯಲ್ಲಿ ನೋಡಿರುತ್ತೀಯ. ಅದನ್ನು ಕಾಗದದಲ್ಲಿ ಕೇಳುವುದಿಲ್ಲ. ನಿನಗೆ ಮಾತಿಲ್ಲ, ಬೆರಳಿದೆ. ತೋರಿಸು. ಅಥವಾ ಬೇಡ, ಅದನ್ನೆಲ್ಲ ಇನ್ನೊಂದು ದಿನ ನೋಡೋಣ. ಇವತ್ತು ಸುಮ್ಮನೆ ನಿನ್ನ ಎದುರಿಗೆ ಕೂರುತ್ತೇನೆ. ಕೂರಬಲ್ಲೆನೋ ಇಲ್ಲವೋ, ಕೂತೇ ನೋಡಬೇಕು.

ಈ ಬೆಂಚಿನಿಂದ ಮೂರನೇ ಮಹಡಿಯ ಕಿಟಕಿಗಳು ಕಾಣುತ್ತವೆ. ಒಂದರಲ್ಲಿ ಯಾರೋ ಬಗ್ಗಿ ನೋಡಿದರು. ನಿನ್ನ ಮಗನೋ, ನರ್ಸೋ, ನೀನೋ. ಕೈ ಎತ್ತಿದೆ. ಖಾಲಿ ಕೈ ಎಂದು ಕಾಣಲಿ ಎಂದು ಎರಡೂ ಎತ್ತಿದೆ. ಪಕ್ಕದಲ್ಲಿ ಹೂಗಿಡಕ್ಕೆ ನೀರು ಹಾಕುತ್ತಿದ್ದವನು ಏನಾಯಿತು ಸಾರ್ ಎಂದ.

ಇನ್ನೂ ಬರೆಯುವುದಿತ್ತು. ಆದರೆ ಬೆಳಕು ಹೋಗುತ್ತಿದೆ, ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ಮೇಲೆ ಬರುತ್ತಿದ್ದೇನೆ.

ನಿನ್ನ ಭಾವ